ಒಂದನೇದಾ, ಎರಡನೇದಾ?

ನಮ್ಮ ಲ್ಯಾಬಿನಲ್ಲಿ ರಿಪೋರ್ಟ್ ಕೊಡುವ ಕಿಟಕಿಯನ್ನು ಯಾರು ಕಟ್ಟಿಸಿದರೋ, ತೀರಾ ತಗ್ಗಿನಲ್ಲಿ ಇಟ್ಟಿದ್ದಾರೆ. ಹೊರಗೆ ನಿಂತವರು ಬಗ್ಗಿಯೇ ಮಾತಾಡಬೇಕು. ಒಳಗೆ ಕೂತ ನಮಗೆ ಮೊದಲು ಕಾಣುವುದು ಬಂದವರ ಕೈ, ಆಮೇಲೆ ಬಾಯಿ. ಕಣ್ಣು ನೋಡಬೇಕಾದರೆ ನಾವೂ ಬಗ್ಗಬೇಕು. ಹೋದ ವರ್ಷ ಶ್ರಾವಣದಲ್ಲಿ ಒಂದು ದಿನ ಹಾಗೇ ಒಂದು ಕೈ ಒಳಗೆ ಬಂತು. ಕೈಯಲ್ಲಿ ನಾಲ್ಕು ಮಡಿಕೆಯ ಹಾಳೆ. ಎಷ್ಟು ಸಲ ಬಿಚ್ಚಿ ಮಡಚಿದ್ದರೋ, ಮಡಿಕೆ ಸೇರುವ ಜಾಗದಲ್ಲಿ ಕಾಗದ ಸವೆದು ತೂತಾಗಿತ್ತು. ಆಮೇಲೆ ಬಾಯಿ ಕಂಡಿತು. ಕೆಳತುಟಿಯ ಎಡ ಅಂಚಿನಲ್ಲಿ ತೊಗರಿಬೇಳೆಯಷ್ಟು ಒಣಗಿದ ಹಕ್ಕಳೆ.

“ಮೇಡಂ, ಇದು ಒಂದನೇದಾ, ಎರಡನೇದಾ?”

ಹಾಳೆ ಬಿಚ್ಚಿದೆ. ಹೊರಗಿನ ಯಾವುದೋ ಲ್ಯಾಬಿನ ಟಾರ್ಚ್ ಪ್ಯಾನೆಲ್, ಬಸುರಿಯಿಂದ ಹೊಟ್ಟೆಯ ಮಗುವಿಗೆ ತಗುಲಬಹುದಾದ ಸೋಂಕುಗಳ ರಕ್ತಪರೀಕ್ಷೆ. ಟೊಕ್ಸೊಪ್ಲಾಸ್ಮಾ, ರುಬೆಲ್ಲಾ, ಸೈಟೊಮೆಗಲೊ, ಎಲ್ಲದರ ಮುಂದೆ ನೆಗೆಟಿವ್. ಕೊನೆಯ ಸಾಲು ಮಾತ್ರ ದಪ್ಪ ಅಕ್ಷರದಲ್ಲಿ: ಹರ್ಪಿಸ್ ಸಿಂಪ್ಲೆಕ್ಸ್ 1+2 ಐಜಿಎಂ, 1.18, ಪಾಸಿಟಿವ್. ಐಜಿಎಂ ಅಂದರೆ ಸೋಂಕು ತಗುಲಿದಾಗ ಅದರ ವಿರುದ್ಧ ರಕ್ತದಲ್ಲಿ ಮೊದಲು ಏಳುವ ಪ್ರತಿಕಾಯ. ಮೇಲೆ ಹೆಂಗಸಿನ ಹೆಸರು, ವಯಸ್ಸು 26. ಆತನ ಹೆಂಡತಿ. ಎರಡು ತಿಂಗಳ ಬಸುರಿ. ಮದುವೆಯಾದ ಮೊದಲ ವರ್ಷ ಅಂತ ಆಷಾಢಕ್ಕೆ ತವರಿಗೆ ಹೋಗಿದ್ದಳು, ಅಲ್ಲೇ ಈ ಟೆಸ್ಟ್ ಆಯ್ತು, ಶ್ರಾವಣ ಅರ್ಧ ಕಳೆದರೂ ಇವರು ಹೋಗಿ ಕರೆದುಕೊಂಡು ಬಂದಿಲ್ಲ. ಇಷ್ಟನ್ನೂ ನಾನು ಕೇಳಲಿಲ್ಲ. ಆತನ ಹಿಂದೆ ನಿಂತಿದ್ದ ತಾಯಿ ಕಿಟಕಿಗೆ ಬಗ್ಗಿ ಹೇಳಿದರು.

“ಸರ್ಪಸುತ್ತು ಅಂತ ಬಂದದಂತೆ ಕಣವ್ವ. ಹೊಟ್ಟೇಲಿರೋ ಮಗೀಗೆ ಏನೂ ಆಗದಿರಲಿ ಅಂತ ಸುಬ್ರಹ್ಮಣ್ಯಕ್ಕೆ ಹರಕೆ ಹೊತ್ಕೊಂಡಿವ್ನಿ. ಆಶ್ಲೇಷಾ ಬಲಿ ಮಾಡಿಸಿದ್ರೆ ಸರಿಹೋಯ್ತದೆ ಅಂದ್ರು.”

ಮಗ ಆ ಕಡೆ ಮುಖ ತಿರುಗಿಸಿದ. ಅವನು ಫೋನಿನಲ್ಲಿ ಹುಡುಕಿದ್ದ. ಸಿಂಪ್ಲೆಕ್ಸಿನಲ್ಲಿ ಎರಡು ಬಗೆ, ಎರಡನೇದು ಹೆಚ್ಚಾಗಿ ಲೈಂಗಿಕ ಸಂಪರ್ಕದಿಂದ ಹರಡಿ ಜನನಾಂಗದಲ್ಲಿ ಗುಳ್ಳೆ ಎಬ್ಬಿಸುವಂಥದ್ದು. ಅಲ್ಲಿ ಸಿಕ್ಕ ಅರ್ಥ ತಾಯಿಗೆ ಸಿಕ್ಕ ಅರ್ಥಕ್ಕಿಂತ ಬೇರೆ, ತಾಯಿಯ ಎದುರು ಬಾಯಿ ಬಿಟ್ಟು ಹೇಳುವಂಥದ್ದಲ್ಲ. ಒಂದೇ ಪದ. ಅವ್ವನಿಗೆ ನಾಗದೋಷ, ಮಗನಿಗೆ ಹೆಂಡತಿಯ ಮೇಲೆ ಅನುಮಾನ. “ಒಂದನೇದಾ, ಎರಡನೇದಾ” ಅಂತ ಅವನು ಕೇಳಿದ್ದು ವೈರಸ್ಸಿನ ವಿಷಯ ತಿಳಿದುಕೊಳ್ಳುವ ಆಸೆಗೆ ಅಲ್ಲ ಅಂತ ಧ್ವನಿಯಲ್ಲೇ ಗೊತ್ತಾಗುತ್ತಿತ್ತು.

ಅವ್ವನ ತಪ್ಪು ಅಷ್ಟೇನೂ ದೂರದ್ದಲ್ಲ. ಸರ್ಪಸುತ್ತು ಅಂತ ನಾವು ಕರೆಯುವುದು ಹರ್ಪಿಸ್ ಜೋಸ್ಟರನ್ನ. ಚಿಕ್ಕಂದಿನಲ್ಲಿ ಬಂದ ಸೀತಾಳೆಯ ವೈರಸ್ ನರದ ಗಂಟಿನಲ್ಲಿ ಅಡಗಿ ಕೂತು, ಮುದಿ ವಯಸ್ಸಿನಲ್ಲಿ ಸೊಂಟ ಸುತ್ತಿಕೊಂಡು ಏಳುವುದು. ಸಿಂಪ್ಲೆಕ್ಸ್ ಅದರ ದಾಯಾದಿ. ಹರ್ಪಿಸ್ ಅನ್ನುವ ಹೆಸರು ಬಂದದ್ದು ತೆವಳು ಅನ್ನುವ ಅರ್ಥದ ಗ್ರೀಕ್ ಪದದಿಂದ, ಆ ಪದವೂ ನಮ್ಮ ಸಂಸ್ಕೃತದ ‘ಸರ್ಪ’ವೂ ಒಂದೇ ಬೇರಿನವು. ಊರಲ್ಲಿ ಕೆಮ್ಮಣ್ಣು ಕಲಸಿ ಗುಳ್ಳೆಯ ಸುತ್ತ ಹಾವಿನ ಚಿತ್ರ ಬರೆಯುವವರಿಗೂ ಗ್ರೀಸಿನ ವೈದ್ಯರಿಗೂ ಒಂದೇ ಪ್ರಾಣಿ ಕಣ್ಣಿಗೆ ಬಿದ್ದಿದೆ ನೋಡಿ.

ನಾನು ಆತನಿಗೆ ಹೇಳಿದ್ದು ಇಷ್ಟೇ: “ಇದು ಒಂದನೇದೋ ಎರಡನೇದೋ ಅಂತ ಈ ಹಾಳೆ ಹೇಳಲ್ಲ. ಹೇಳೋಕೆ ಆಗಲ್ಲ. ಎರಡನ್ನೂ ಕಲಸಿ ಮಾಡಿರೋ ಟೆಸ್ಟ್ ಇದು. ಅಸಲಿಗೆ ಇದೆಯೋ ಇಲ್ಲವೋ ಅನ್ನೋದನ್ನೂ ಇದನ್ನ ನಂಬಿ ಹೇಳೋ ಹಾಗಿಲ್ಲ.” ಕೂತುಕೊಳ್ಳಿ ಅಂದು ನಮ್ಮ ಮೈಕ್ರೊಬಯಾಲಜಿ ಮೇಡಂ ಹತ್ತಿರ ಕಳಿಸಿದೆ. ನಾನು ಟೆಕ್ನಾಲಜಿಸ್ಟ್, ಅದಕ್ಕಿಂತ ಹೆಚ್ಚು ಹೇಳುವ ಅಧಿಕಾರ ನನ್ನದಲ್ಲ. ಆದರೆ ಅವನ ಪ್ರಶ್ನೆಗೆ ನನ್ನ ಇಪ್ಪತ್ಮೂರು ವರ್ಷದ ಕೆಲಸದಲ್ಲಿ ಎಷ್ಟು ಥರ ಉತ್ತರ ಹುಡುಕಿದ್ದೇವೆ ಅನ್ನುವುದು ಆ ರಾತ್ರಿ ಪೂರ್ತಿ ತಲೆಯಲ್ಲಿ ಓಡಿತು. ಅದನ್ನೇ ಇಲ್ಲಿ ಬರೆಯುತ್ತಿದ್ದೇನೆ.

ನಾನು ಕೆಲಸಕ್ಕೆ ಸೇರಿದಾಗ ಹರ್ಪಿಸ್ ಅಂದರೆ ಒಂದು ಗಾಜಿನ ಸ್ಲೈಡು ಮತ್ತು ಒಂದು ಬಾಟ್ಲಿ ಜೀಮ್ಸಾ ಬಣ್ಣ, ಅಷ್ಟೇ. ಜಾಂಕ್ ಸ್ಮಿಯರ್ ಅಂತಾರೆ. ಫ್ರಾನ್ಸಿನ ಚರ್ಮವೈದ್ಯ ಆರ್ನೊ ಜಾಂಕ್ 1947ರಲ್ಲಿ ಹೇಳಿಕೊಟ್ಟದ್ದು. ಚರ್ಮದ ಓಪಿಡಿಯಲ್ಲಿ ಡಾಕ್ಟರು ಹೊಸ ನೀರುಗುಳ್ಳೆಯ ಮೇಲಿನ ಪೊರೆ ಬಿಡಿಸಿ, ಕೆಳಗಿನ ಬುಡವನ್ನು ಬ್ಲೇಡಿನ ಮೊಂಡ ಕಡೆಯಿಂದ ಮೆಲ್ಲಗೆ ಕೆರೆದು, ಸ್ಲೈಡಿಗೆ ಸವರಿ ಕಳಿಸುತ್ತಿದ್ದರು. ನನಗೆ ಕಲಿಸಿದ ಹಿರಿಯ ಟೆಕ್ನಿಷಿಯನ್ ಸಾರ್ ಒಬ್ಬರಿದ್ದರು, ಎಲೆ ಅಡಿಕೆ ಹಾಕುವವರು, ಮೈಕ್ರೋಸ್ಕೋಪಿಗೆ ಕಣ್ಣಿಟ್ಟರೆ ಮಾತ್ರ ಬಾಯಿ ಅಲ್ಲಾಡುತ್ತಿರಲಿಲ್ಲ. “ನೋಡಮ್ಮ, ಒಂದೇ ಮನೇಲಿ ಎಂಟು ಜನ ಒತ್ತಿಕೊಂಡು ಮಲಗಿದ ಹಾಗೆ ಕಾಣಬೇಕು” ಅಂತ ತೋರಿಸಿದ್ದರು. ಒಂದು ದೊಡ್ಡ ಜೀವಕೋಶ, ಅದರೊಳಗೆ ಆರೇಳು ನ್ಯೂಕ್ಲಿಯಸ್, ಒಂದಕ್ಕೊಂದು ಒತ್ತಿ ಆಕಾರ ಬದಲಿಸಿಕೊಂಡಿವೆ, ಒಳಗಿನ ಬಣ್ಣವೆಲ್ಲ ಅಂಚಿಗೆ ಸರಿದು ನಡುವೆ ಮಂಜು ಗಾಜಿನ ಹಾಗೆ ಮಬ್ಬಾಗಿದೆ. ಅದು ಕಂಡರೆ ಪಾಸಿಟಿವ್.

ಯಾವುದಕ್ಕೆ ಪಾಸಿಟಿವ್ ಅಂತ ಕೇಳಬೇಡಿ. ಸಿಂಪ್ಲೆಕ್ಸ್ ಒಂದು, ಸಿಂಪ್ಲೆಕ್ಸ್ ಎರಡು, ಸೀತಾಳೆ, ಸರ್ಪಸುತ್ತು, ಎಲ್ಲಕ್ಕೂ ಸ್ಲೈಡ್ ಕಾಣುವುದು ಒಂದೇ ಥರ. ಎಲೆಕ್ಟ್ರಾನ್ ಮೈಕ್ರೋಸ್ಕೋಪಿನಲ್ಲಿ ನೋಡಿದರೂ ಅಷ್ಟೇ, ಹರ್ಪಿಸ್ ಕುಟುಂಬದ ವೈರಸ್ಸುಗಳೆಲ್ಲ ಅವಳಿಗಳ ಹಾಗಿರುತ್ತವೆ. ಹಾಗಾಗಿ ನಮ್ಮ ರಿಪೋರ್ಟಿನಲ್ಲಿ “ಬಹುನ್ಯೂಕ್ಲಿಯಸ್ಸಿನ ದೈತ್ಯಕೋಶಗಳು ಕಂಡಿವೆ” ಅಂತ ಬರೆದು ಕೈ ತೊಳೆದುಕೊಳ್ಳುತ್ತಿದ್ದೆವು. ಉಳಿದದ್ದನ್ನು ಡಾಕ್ಟರು ಜಾಗ ನೋಡಿ ಊಹಿಸುತ್ತಿದ್ದರು: ಸೊಂಟದ ಮೇಲಿದ್ದರೆ ಒಂದು, ಕೆಳಗಿದ್ದರೆ ಎರಡು. ಆ ಲೆಕ್ಕ ಆಗಲೇ ಹಳತಾಗಿತ್ತು. ಜನನಾಂಗದ ಹರ್ಪಿಸ್ಸಿನಲ್ಲಿ ಎಷ್ಟೋ ಈಗ ಒಂದನೇ ಬಗೆಯದು. ಗುಳ್ಳೆ ಎಲ್ಲಿದೆ ಅಂತ ನೋಡಿ ಬಗೆ ಹೇಳುವ ಕಾಲ ಮುಗಿದಿದೆ.

ಹಾಗಂತ ಎರಡು ಬಗೆ ಅನ್ನುವುದೇ ಬಹಳ ಹಳೆಯ ತಿಳಿವಳಿಕೆ ಏನಲ್ಲ. ಜರ್ಮನಿಯ ಶ್ನೆವೈಸ್ 1962ರಲ್ಲಿ, ಒಂದು ವೈರಸ್ಸಿಗೆ ಎದ್ದ ಪ್ರತಿಕಾಯ ಇನ್ನೊಂದನ್ನು ಅಷ್ಟು ಚೆನ್ನಾಗಿ ತಡೆಯುವುದಿಲ್ಲ ಅಂತ ತೋರಿಸಿ ಎರಡನ್ನು ಬೇರೆ ಮಾಡಿದರು. 1968ರಲ್ಲಿ ಅಮೆರಿಕದ ನಹ್ಮಿಯಾಸ್ ಮತ್ತು ಡೌಡಲ್ ಅದನ್ನು ಗಟ್ಟಿ ಮಾಡಿದರು. ಆಗಿನವರಿಗೆ ಮೊಟ್ಟೆಯೂ ಒಂದು ದಾರಿಯಾಗಿತ್ತು. ಮರಿಯಾಗುತ್ತಿರುವ ಕೋಳಿಮೊಟ್ಟೆಯೊಳಗಿನ ಪೊರೆಯ ಮೇಲೆ ಮಾದರಿ ಹಾಕಿ ಕೆಲವು ದಿನ ಬಿಟ್ಟು ನೋಡಿದರೆ ಬಿಳಿ ಚುಕ್ಕೆಗಳು ಎದ್ದಿರುತ್ತವೆ: ಒಂದನೇ ಬಗೆಗೆ ಸಣ್ಣ ಚುಕ್ಕೆ, ಎರಡನೇದಕ್ಕೆ ದೊಡ್ಡವು. ನಾನು ಅದನ್ನು ಕಣ್ಣಾರೆ ನೋಡಿಲ್ಲ. ಪರೀಕ್ಷೆಗೆ ಬಾಯಿಪಾಠ ಮಾಡಿದ್ದೆ ಅಷ್ಟೇ.

ಕಣ್ಣಾರೆ ನೋಡಿದ್ದು ಕಲ್ಚರ್, ಅಂದರೆ ವೈರಸ್ಸನ್ನು ಜೀವಕೋಶಗಳಲ್ಲಿ ಬೆಳೆಸಿ ನೋಡುವುದು. 2006ರಲ್ಲಿ ನನ್ನನ್ನು ಮೂರು ತಿಂಗಳು ಬೆಂಗಳೂರಿನ ಒಂದು ವೈರಾಲಜಿ ಲ್ಯಾಬಿಗೆ ತರಬೇತಿಗೆ ಕಳಿಸಿದ್ದರು. ಅಲ್ಲಿ ವೀರೋ ಕೋಶಗಳನ್ನು ಸಾಕುತ್ತಿದ್ದರು. ಸಾಕುವುದು ಅನ್ನುವುದೇ ಸರಿಯಾದ ಮಾತು. ಹಸುವಿನ ಭ್ರೂಣದ ಸೀರಂ ಹಾಕಿದ ಕೆಂಪು ದ್ರವ ಕುಡಿಸಿ, 37 ಡಿಗ್ರಿಯಲ್ಲಿ ಬೆಚ್ಚಗಿಟ್ಟು, ತುಂಬಿ ತುಳುಕುವ ಮುಂಚೆ ಬೇರೆ ಸೀಸೆಗೆ ಸಂಸಾರ ಹೂಡಿಸಿ, ಭಾನುವಾರವೂ ಬಂದು ಮುಖ ನೋಡಿ ಹೋಗಬೇಕು. ಆಫ್ರಿಕಾದ ಹಸಿರು ಕೋತಿಯ ಮೂತ್ರಪಿಂಡದಿಂದ ಜಪಾನಿನ ಚಿಬಾ ವಿಶ್ವವಿದ್ಯಾಲಯದ ಯಾಸುಮುರ 1962ರಲ್ಲಿ ಬೆಳೆಸಿದ ಕೋಶಗಳ ವಂಶ ಅದು. ವೀರೋ ಅನ್ನುವುದು ‘ಹಸಿರು ಮೂತ್ರಪಿಂಡ’ ಅನ್ನುವುದರ ಎಸ್ಪೆರಾಂತೋ ಭಾಷೆಯ ಮೊಟಕು ಹೆಸರು. ನನಗೆ ಗೊತ್ತಿರುವ ಎಸ್ಪೆರಾಂತೋ ಅಷ್ಟೇ.

ಆರೋಗ್ಯವಾಗಿರುವ ವೀರೋ ಕೋಶಗಳು ಸೀಸೆಯ ತಳದಲ್ಲಿ ಹಾಸಿದ ಚಾಪೆಯ ಹಾಗೆ ಒಂದಕ್ಕೊಂದು ಹೆಣೆದುಕೊಂಡಿರುತ್ತವೆ. ಗುಳ್ಳೆಯಿಂದ ತಂದ ಮಾದರಿ ಹಾಕಿದ ಮಾರನೇ ದಿನ ಏನೂ ಕಾಣಲಿಲ್ಲ. ಎರಡನೇ ದಿನ ಬೆಳಗ್ಗೆ ಅಲ್ಲಿಯ ಮೇಡಂ ಕರೆದು ಚಾಪೆಯ ಒಂದು ಅಂಚು ತೋರಿಸಿದರು. ಕೋಶಗಳು ಕೈ ಬಿಟ್ಟು, ಉಬ್ಬಿ, ದುಂಡಗಾಗಿ, ಹೊಳೆಯುತ್ತ ಗೊಂಚಲು ಗೊಂಚಲಾಗಿ ನಿಂತಿದ್ದವು. ಪಾಯಸಕ್ಕೆ ಹಾಕಿದ ಸಬ್ಬಕ್ಕಿ ಬೆಂದು ಅರಳಿದ ಹಾಗೆ. ಮೂರನೇ ದಿನಕ್ಕೆ ಅರ್ಧ ಚಾಪೆ ಸಬ್ಬಕ್ಕಿ. ಹರ್ಪಿಸ್ ಸಿಂಪ್ಲೆಕ್ಸಿಗೆ ಕಾಯುವ ವ್ಯವಧಾನ ಇಲ್ಲ, ಒಂದರಿಂದ ಮೂರು ದಿನದೊಳಗೆ ಹೆಚ್ಚಿನವು ತಾನು ಬಂದಿದ್ದೇನೆ ಅಂತ ಹೇಳಿಬಿಡುತ್ತವೆ. ನೆಗೆಟಿವ್ ಅನ್ನಬೇಕಾದರೆ ಮಾತ್ರ ಒಂದು ವಾರ ಕಾಯುತ್ತಿದ್ದೆವು.

ಆದರೆ ಸಬ್ಬಕ್ಕಿ ನೋಡಿ ಬಗೆ ಹೇಳಲಾಗದು. ಅದಕ್ಕೆ ಕತ್ತಲೆ ಕೋಣೆ. ಆ ಕೋಶಗಳನ್ನು ಕೆರೆದು ಒಂದು ಸ್ಲೈಡಿನ ಎರಡು ಗುಂಡಿಗಳಲ್ಲಿ ಒಣಗಿಸಿ, ಅಸಿಟೋನಿನಲ್ಲಿ ಅದ್ದಿ, ಒಂದು ಗುಂಡಿಗೆ ಒಂದನೇ ಬಗೆಯನ್ನು ಮಾತ್ರ ಹಿಡಿಯುವ ಪ್ರತಿಕಾಯ, ಇನ್ನೊಂದಕ್ಕೆ ಎರಡನೇದನ್ನು ಮಾತ್ರ ಹಿಡಿಯುವುದು. ಎರಡಕ್ಕೂ ಹೊಳೆಯುವ ಬಣ್ಣ ಅಂಟಿಸಿರುತ್ತಾರೆ. ಅರ್ಧ ಗಂಟೆ ಬಿಟ್ಟು ತೊಳೆದು ಫ್ಲೋರೆಸೆನ್ಸ್ ಮೈಕ್ರೋಸ್ಕೋಪಿಗೆ. ಮರ್ಕ್ಯುರಿ ದೀಪ ಕಾಯಲು ಹತ್ತು ಹದಿನೈದು ನಿಮಿಷ, ಆರಿಸಿದರೆ ತಣ್ಣಗಾಗುವವರೆಗೆ ಮತ್ತೆ ಹಚ್ಚುವಂತಿಲ್ಲ, ಎಷ್ಟು ಗಂಟೆ ಉರಿಯಿತು ಅಂತ ಪಕ್ಕದ ನೋಟ್‌ಬುಕ್ಕಿನಲ್ಲಿ ಬರೆಯಲೇಬೇಕು. ಕಣ್ಣಿಟ್ಟೆ. ಎಡ ಗುಂಡಿಯಲ್ಲಿ ಇಟ್ಟಿಗೆ ಕೆಂಪು, ಇವಾನ್ಸ್ ಬ್ಲೂ ಅನ್ನುವ ಬಣ್ಣದ ಹಿನ್ನೆಲೆ ಅಷ್ಟೇ, ಇನ್ನೇನೂ ಇಲ್ಲ. ಬಲ ಗುಂಡಿಗೆ ಸರಿಸಿದೆ. ಕೆಂಪಿನ ನಡುವೆ ಅಲ್ಲೊಂದು ಇಲ್ಲೊಂದು ಎಳೆ ಸೇಬಿನ ಹಸಿರು, ಕತ್ತಲೆಯ ತೋಟದಲ್ಲಿ ಮಿಣುಕುಹುಳ ಕೂತ ಹಾಗೆ. ಎರಡನೇ ಬಗೆ. ಒಂದನೇದಾ ಎರಡನೇದಾ ಅನ್ನುವ ಪ್ರಶ್ನೆಗೆ ನಾನು ಜೀವನದಲ್ಲಿ ಮೊದಲ ಸಲ ಕೊಟ್ಟ ಉತ್ತರ ಅದು. ಆ ಮಾದರಿ ಯಾರದ್ದು ಅಂತ ಗೊತ್ತಿಲ್ಲ, ನಂಬರ್ ಮಾತ್ರ ಇತ್ತು.

ವಾಪಸ್ ಊರಿಗೆ ಬಂದ ಮೇಲೆ ಕಲ್ಚರ್ ಮಾಡುವ ಭಾಗ್ಯ ಸಿಗಲಿಲ್ಲ. ಕರೆಂಟು ಮೂರು ಸಲ ಹೋಗುವ ಊರಲ್ಲಿ ಕೋತಿಯ ಕೋಶ ಸಾಕುವುದು ಎಲ್ಲಿಂದ ಬಂತು. ಮೆದುಳು ಜ್ವರದ ಬೆನ್ನುನೀರಿನ ಮಾದರಿಗಳನ್ನು ಐಸ್ ಡಬ್ಬಿಯಲ್ಲಿ ಬೆಂಗಳೂರಿಗೆ, ಹೆಚ್ಚಾಗಿ ನಿಮ್ಹಾನ್ಸ್‌ಗೆ, ಬಸ್ಸಿನಲ್ಲಿ ಕಳಿಸುತ್ತಿದ್ದೆವು. ಈ ಬೆನ್ನುನೀರಿನ ಕಥೆಯನ್ನು ಸ್ವಲ್ಪ ಹೇಳಲೇಬೇಕು. ಸಿಂಪ್ಲೆಕ್ಸ್ ಮೆದುಳಿಗೆ ಹತ್ತಿದರೆ ಮನುಷ್ಯ ಜ್ವರದಲ್ಲಿ ಏನೇನೋ ಮಾತಾಡುತ್ತಾನೆ, ಮನೆಯವರನ್ನೇ ಗುರುತು ಹಿಡಿಯುವುದಿಲ್ಲ, ಫಿಟ್ಸ್ ಬರುತ್ತದೆ. ಎಷ್ಟೋ ಮನೆಯವರು ಮೊದಲು ಯಂತ್ರ ಕಟ್ಟಿಸಲು ಹೋಗಿ ಎರಡು ದಿನ ಕಳೆದಿರುತ್ತಾರೆ. ದೊಡ್ಡವರಲ್ಲಿ ಇದು ಬಹುತೇಕ ಒಂದನೇ ಬಗೆಯ ಕೆಲಸ. ಹಿಂದೆ ಇದನ್ನು ಖಚಿತ ಮಾಡಲು ತಲೆಬುರುಡೆ ಕೊರೆದು ಮೆದುಳಿನ ಚೂರು ತೆಗೆಯಬೇಕಿತ್ತು. ಬೆನ್ನುನೀರಿನಲ್ಲಿ ವೈರಸ್ ಕಲ್ಚರ್ ಬೆಳೆಯುವುದೇ ಅಪರೂಪ. 1990ರಲ್ಲಿ ಬೆನ್ನುನೀರಿನಲ್ಲೇ ಅದರ ಡಿಎನ್ಎಯನ್ನು, ಚೂರಿದ್ದರೂ ನಕಲು ಮಾಡಿ ಹೆಚ್ಚಿಸುವ ಪಿಸಿಆರ್‌ನಿಂದ ಹಿಡಿಯಬಹುದು ಅಂತ ಬಂತು. 1995ರಲ್ಲಿ ಲೇಕ್‌ಮನ್ ಮತ್ತು ವಿಟ್ಲಿ, ಮೆದುಳಿನ ಚೂರಿನ ಫಲಿತಾಂಶದ ಜೊತೆ ಹೋಲಿಸಿ, ಇದ್ದದ್ದನ್ನು ಇದೆ ಅನ್ನುವುದರಲ್ಲಿ 98 ಶೇಕಡಾ, ಇಲ್ಲದ್ದನ್ನು ಇಲ್ಲ ಅನ್ನುವುದರಲ್ಲಿ 94 ಶೇಕಡಾ ಅಂತ ತೋರಿಸಿದ ಮೇಲೆ ಬುರುಡೆ ಕೊರೆಯುವುದು ನಿಂತಿತು. ಒಂದೇ ತೊಡಕು: ಕಾಯಿಲೆ ಶುರುವಾದ ಮೊದಲ ಮೂರು ದಿನದಲ್ಲಿ ತೆಗೆದ ನೀರು ಕೆಲವು ಸಲ ಸುಳ್ಳು ನೆಗೆಟಿವ್ ಕೊಡುತ್ತದೆ. ಅನುಮಾನ ಬಲವಾಗಿದ್ದರೆ ಕೆಲವು ದಿನ ಬಿಟ್ಟು ಮತ್ತೆ ತೆಗೆಯಬೇಕು. ಹರ್ಪಿಸ್ಸಿನ ಔಷಧ ಅಸೈಕ್ಲೊವಿರ್ ಹನಿಯನ್ನಂತೂ ರಿಪೋರ್ಟಿಗೆ ಕಾಯದೆ ಹಾಕಿಬಿಡುತ್ತಾರೆ. ಬಸ್ಸು ತಡವಾಗಿದೆ, ಡಬ್ಬಿಯಲ್ಲಿ ಐಸ್ ಕರಗುತ್ತಿದೆ ಅಂತ ಡ್ರೈವರಿಗೆ ಫೋನ್ ಮಾಡುತ್ತ ಕೂತ ರಾತ್ರಿಗಳಲ್ಲಿ, ಇಲ್ಲಿ ವಾರ್ಡಿನಲ್ಲಿ ಔಷಧ ಓಡುತ್ತಿದೆಯಲ್ಲ ಅನ್ನುವುದೇ ಸಮಾಧಾನ.

2020ರಲ್ಲಿ ಕೋವಿಡ್ ಬಂದು ಎಲ್ಲ ಬದಲಾಯಿತು. ರಿಯಲ್ ಟೈಮ್ ಪಿಸಿಆರ್ ಯಂತ್ರ ನಮ್ಮ ಊರಿಗೇ ಬಂತು. ಕೋವಿಡ್ ಗದ್ದಲ ಇಳಿದ ಮೇಲೆ ಯಂತ್ರ ಖಾಲಿ ಕೂತಿತ್ತು, ನಾವು ಒಂದೊಂದಾಗಿ ಬೇರೆ ಟೆಸ್ಟುಗಳನ್ನು ಅದಕ್ಕೆ ಹತ್ತಿಸಿದೆವು, ಅದರಲ್ಲಿ ಹರ್ಪಿಸ್ಸೂ ಒಂದು. ಎರಡು ಬಗೆಗಳ ಡಿಎನ್ಎ ಹೆಚ್ಚುಕಡಿಮೆ ಒಂದೇ ಉದ್ದ, ಒಂದೂವರೆ ಲಕ್ಷ ಅಕ್ಷರ ಚಿಲ್ಲರೆ. ಎಷ್ಟೋ ಕಡೆ ಅಕ್ಷರವೂ ಒಂದೇ, ಕೆಲವು ಕಡೆ ಮಾತ್ರ ಬೇರೆ. ಆ ಬೇರೆ ಇರುವ ಜಾಗಕ್ಕೆ ಸರಿಯಾಗಿ ಕೂರುವ ಎರಡು ಸಣ್ಣ ತುಣುಕು ಮಾಡಿ ಎರಡಕ್ಕೂ ಬೇರೆ ಬೇರೆ ಬಣ್ಣ ಕಟ್ಟಿರುತ್ತಾರೆ. ಯಂತ್ರ ಸುತ್ತು ಸುತ್ತಾಗಿ ಡಿಎನ್ಎ ಹೆಚ್ಚಿಸುತ್ತ ಹೋದ ಹಾಗೆ ಒಂದನೇದಿದ್ದರೆ ಪರದೆಯಲ್ಲಿ ಒಂದು ಗೆರೆ ಏಳುತ್ತದೆ, ಎರಡನೇದಿದ್ದರೆ ಇನ್ನೊಂದು. ವೈರಸ್ ಹೆಚ್ಚಿದ್ದಷ್ಟೂ ಗೆರೆ ಬೇಗ ಏಳುತ್ತದೆ. ಮೂರನೇ ಬಣ್ಣ ನಮಗೆ ಕಾವಲುಗಾರ, ಅದು ಏಳದಿದ್ದರೆ ಮಾದರಿಯಲ್ಲಿ ರಕ್ತವೋ ಮತ್ತೊಂದೋ ಸೇರಿ ಕ್ರಿಯೆಯೇ ನಡೆದಿಲ್ಲ ಅಂತ. ಕೆಲವು ಕಿಟ್ಟುಗಳು ಒಂದೇ ಬಣ್ಣದಲ್ಲಿ ಎರಡನ್ನೂ ಹಿಡಿದು, ಕೊನೆಗೆ ನಿಧಾನವಾಗಿ ಬಿಸಿ ಮಾಡಿ, ತುಣುಕು ಯಾವ ಡಿಗ್ರಿಯಲ್ಲಿ ಕಳಚಿಕೊಳ್ಳುತ್ತದೆ ಅಂತ ನೋಡಿ ಬಗೆ ಹೇಳುತ್ತವೆ. ಸರಿಯಾಗಿ ಹೊಂದಿಕೊಂಡದ್ದು ಬಿಸಿ ತಡೆಯುತ್ತದೆ, ಒಂದೆರಡು ಅಕ್ಷರ ಹೊಂದದ್ದು ಬೇಗ ಬಿಡುತ್ತದೆ.

ಯಂತ್ರವನ್ನು ಹೊಗಳುತ್ತಿದ್ದೇನೆ ಅಂದುಕೊಳ್ಳಬೇಡಿ. 2021ರಲ್ಲಿ ಒಂದು ಮಧ್ಯಾಹ್ನ ನಾನು ಊಟದ ಅವಸರದಲ್ಲಿ ಪಾಸಿಟಿವ್ ಕಂಟ್ರೋಲಿನ, ಅಂದರೆ ಹೋಲಿಕೆಗೆ ಬೇಕೆಂದೇ ಹರ್ಪಿಸ್ ಡಿಎನ್ಎ ಹಾಕಿಟ್ಟ ಟ್ಯೂಬನ್ನು, ಮಿಶ್ರಣ ತಯಾರಿಸುವ ಶುದ್ಧ ಹುಡ್‌ನಲ್ಲೇ ತೆರೆದುಬಿಟ್ಟೆ. ಅದಕ್ಕೆ ಬೇರೆ ಕೋಣೆ ಇದೆ, ನಾನೇ ಹುಡುಗಿಯರಿಗೆ ದಿನಾ ಹೇಳುತ್ತೇನೆ. ರನ್ ಮುಗಿದಾಗ ಬರೀ ನೀರು ಹಾಕಿದ ಗುಂಡಿಯಲ್ಲಿ 36ನೇ ಸುತ್ತಿಗೆ ಒಂದು ಗೆರೆ ಮೆಲ್ಲಗೆ ತಲೆ ಎತ್ತಿತ್ತು. ನೀರಿಗೆ ಹರ್ಪಿಸ್. ಹನ್ನೊಂದು ಮಾದರಿಗಳ ಫಲಿತಾಂಶವನ್ನೂ ತಡೆಹಿಡಿದು, ಹುಡ್ ಪೂರ್ತಿ ಬ್ಲೀಚ್ ಹಾಕಿ ಒರೆಸಿ, ತೆರೆದಿದ್ದ ರಾಸಾಯನಿಕಗಳನ್ನೆಲ್ಲ ಎಸೆದು, ಎರಡು ದಿನ ಮತ್ತೆ ಮಾಡಿದೆವು. ಮೇಡಂಗೆ ನಾನೇ ಹೋಗಿ ಹೇಳಿದೆ. ಅವರು ಬೈಯಲಿಲ್ಲ, “ಇನ್ನು ಊಟ ಮಾಡಿ ಬಂದು ಹಾಕಿ” ಅಂದರು. ಬೈದಿದ್ದರೆ ಹಗುರಾಗುತ್ತಿತ್ತು.

ಇನ್ನು ಮಾದರಿ ತೆಗೆಯುವ ಕಥೆ. ಲ್ಯಾಬಿನ ಅರ್ಧ ತಪ್ಪು ಲ್ಯಾಬಿಗೆ ಬರುವ ಮುಂಚೆಯೇ ಆಗಿರುತ್ತದೆ. ಒಮ್ಮೆ ಗುಳ್ಳೆಯ ಸ್ವಾಬನ್ನು ಫಾರ್ಮಲಿನ್‌ನಲ್ಲಿ ಮುಳುಗಿಸಿ ಕಳಿಸಿದ್ದರು, ಬಯಾಪ್ಸಿ ಅಂದುಕೊಂಡು. ಕೆಲವರು ಕಡ್ಡಿಗೆ ಹತ್ತಿ ಸುತ್ತಿದ ಮಾಮೂಲಿ ಸ್ವಾಬನ್ನು ಒಣಗಿಸಿಯೇ ಕಳಿಸುತ್ತಾರೆ. ಮರದ ಕಡ್ಡಿ, ಅದರಲ್ಲೂ ಕ್ಯಾಲ್ಸಿಯಂ ಆಲ್ಜಿನೇಟ್ ತುದಿಯ ಸ್ವಾಬು, ವೈರಸ್ಸಿಗೂ ಆಗುವುದಿಲ್ಲ, ಪಿಸಿಆರ್‌ಗೂ ಆಗುವುದಿಲ್ಲ. ಪ್ಲಾಸ್ಟಿಕ್ ಕಡ್ಡಿಯ, ಬ್ರಶ್ಶಿನ ಹಾಗೆ ಎಳೆ ನಿಂತ ನೈಲಾನ್ ಸ್ವಾಬು, ಕೋವಿಡ್ ಕಾಲದ ಅದೇ ಗುಲಾಬಿ ದ್ರವದ ಟ್ಯೂಬು, ಫ್ರಿಜ್ಜಿನ ತಂಪು, ಇಷ್ಟಿದ್ದರೆ ಸಾಕು. ಗುಳ್ಳೆ ಹೊಸದಿರಬೇಕು ಅನ್ನುವುದು ಎಲ್ಲಕ್ಕಿಂತ ಮುಖ್ಯ. ನೀರು ತುಂಬಿದ ಗುಳ್ಳೆಯಲ್ಲಿ ವೈರಸ್ ಕೋಟಿಗಟ್ಟಲೆ ಇರುತ್ತದೆ. ಒಡೆದು ಹುಣ್ಣಾದ ಮೇಲೆ ಕಡಿಮೆ. ಹಕ್ಕಳೆ ಕಟ್ಟಿದ ಮೇಲೆ ಕಲ್ಚರ್‌ನಲ್ಲಂತೂ ಸಿಗುವುದೇ ಕಷ್ಟ, ಪಿಸಿಆರ್ ಕೂಡ ತಡಕಾಡುತ್ತದೆ.

ಗುಳ್ಳೆಯೇ ಇಲ್ಲದವರದ್ದೇ ದೊಡ್ಡ ಪಜೀತಿ. ಆಗ ಉಳಿಯುವುದು ರಕ್ತ, ಅಂದರೆ ಪ್ರತಿಕಾಯ. ಆ ಹೆಣ್ಣುಮಗಳ ವಿಷಯ ಇದೇ. ಮೈಮೇಲೆ ಒಂದು ಗುಳ್ಳೆಯಿಲ್ಲ, ಜನ್ಮದಲ್ಲಿ ಎದ್ದ ನೆನಪಿಲ್ಲ, ಯಾರೋ ಬಸುರಿಯರಿಗೆಲ್ಲ ಬರೆಯುವ ಹಾಗೆ ಟಾರ್ಚ್ ಬರೆದರು. ಐಜಿಎಂ ಅಂದರೆ ಹೊಸ ಸೋಂಕು ಅಂತ ನಾವೆಲ್ಲ ಓದಿದ್ದೇವೆ. ಹರ್ಪಿಸ್ಸಿನಲ್ಲಿ ಅದು ನಿಲ್ಲುವುದಿಲ್ಲ. ಹಳೆಯ ಸೋಂಕು ಮರುಕಳಿಸಿದಾಗಲೂ ಐಜಿಎಂ ಏಳಬಹುದು, ಸೋಂಕೇ ಇಲ್ಲದೆ ಬೇರೆ ಯಾವುದಕ್ಕೋ ಅಂಟಿಕೊಂಡೂ ಏಳಬಹುದು, ಅದು ಬಗೆಯನ್ನಂತೂ ಹೇಳುವುದಿಲ್ಲ. ಅಮೆರಿಕದ ರೋಗ ನಿಯಂತ್ರಣ ಸಂಸ್ಥೆ ಸಿಡಿಸಿ 2021ರ ತನ್ನ ಮಾರ್ಗಸೂಚಿಯಲ್ಲಿ ಹರ್ಪಿಸ್ಸಿಗೆ ಐಜಿಎಂ ಮಾಡಲೇಬೇಡಿ ಅಂತ ಸ್ಪಷ್ಟವಾಗಿ ಹೇಳಿದೆ. ನಮ್ಮಲ್ಲಿ ಅದು ಪ್ಯಾಕೇಜಿನಲ್ಲಿ ಬರುತ್ತದೆ, ಐದು ಟೆಸ್ಟಿಗೆ ಒಂದೇ ರೇಟು, ಕೊತ್ತಂಬರಿ ಕೊಂಡರೆ ಕರಿಬೇವು ಬಿಟ್ಟಿ ಅನ್ನುವ ಲೆಕ್ಕ. 1.18 ಅಂದರೆ ಏನು ಗೊತ್ತೇ? ಟೆಸ್ಟ್ ಮಾಡುವ ಪ್ಲೇಟಿನ ಗುಂಡಿಯಲ್ಲಿ ಹಳದಿ ಬಣ್ಣ, ಪಾಸಿಟಿವ್ ಅನ್ನಲು ಹಾಕಿದ ಗೆರೆ ದಾಟಿತೋ ಇಲ್ಲವೋ ಅನ್ನುವಷ್ಟು ದಾಟಿದೆ. ತೊಳೆಯುವುದು ಒಂದು ಸಲ ಕಡಿಮೆಯಾದರೂ ಅಷ್ಟು ಹಳದಿ ಉಳಿಯಬಹುದು. ಆ ಹಳದಿಗೆ ಒಬ್ಬಳು ತವರಿನಲ್ಲಿ ಕೂತಿದ್ದಳು.

ರಕ್ತದಲ್ಲಿ ಬಗೆ ಕೇಳಲೇಬೇಕಿದ್ದರೆ ಅದಕ್ಕೆ ಬೇರೆ ಐಜಿಜಿ ಟೆಸ್ಟ್ ಇದೆ. ಐಜಿಜಿ ಅಂದರೆ ಆಮೇಲೆ ಎದ್ದು ಬಹುಕಾಲ ಉಳಿಯುವ ಪ್ರತಿಕಾಯ. ಎರಡೂ ವೈರಸ್ಸಿನ ಮೈಮೇಲಿನ ಪ್ರೋಟೀನುಗಳು ಅಕ್ಕತಂಗಿಯರ ಮುಖದ ಹಾಗೆ, ಒಂದಕ್ಕೆ ಎದ್ದ ಪ್ರತಿಕಾಯ ಇನ್ನೊಂದನ್ನೂ ಹಿಡಿಯುತ್ತದೆ. ಒಂದು ಪ್ರೋಟೀನ್ ಮಾತ್ರ ಹಾಗಿಲ್ಲ, ಅದಕ್ಕೆ ಗ್ಲೈಕೊಪ್ರೋಟೀನ್ ಜಿ ಅಂತ ಹೆಸರು. ಒಂದನೇ ಬಗೆಯಲ್ಲಿ ಅದು 238 ಅಮೈನೊ ಆಮ್ಲಗಳ ಸಣ್ಣ ಸರ, ಎರಡನೇದರಲ್ಲಿ 699ರ ಉದ್ದ ಸರ. ಇದನ್ನು ಮಾತ್ರ ಪ್ಲೇಟಿಗೆ ಅಂಟಿಸಿ ಮಾಡುವ ಟೆಸ್ಟಿಗೆ ಬಗೆ ಹೇಳುವ ಯೋಗ್ಯತೆ ಇದೆ. ಅದರಲ್ಲೂ ಎರಡನೇ ಬಗೆಗೆ ಸಂಖ್ಯೆ ಗೆರೆಯ ಆಸುಪಾಸಿನಲ್ಲಿ, ಅಂದರೆ 3ಕ್ಕಿಂತ ಕೆಳಗೆ ಬಂದರೆ ನಂಬಬೇಡಿ, ಬೇರೆ ವಿಧಾನದಲ್ಲಿ ಖಚಿತ ಮಾಡಿಕೊಳ್ಳಿ ಅಂತಲೇ ಸಿಡಿಸಿ ಹೇಳುವುದು. ಅಂಥ ಜಗಳಕ್ಕೆ ತೀರ್ಪು ಕೊಡುತ್ತ ಬಂದಿರುವುದು ಸಿಯಾಟಲ್‌ನ ವಾಷಿಂಗ್ಟನ್ ವಿಶ್ವವಿದ್ಯಾಲಯದವರ ವೆಸ್ಟರ್ನ್ ಬ್ಲಾಟ್, ವೈರಸ್ಸಿನ ಪ್ರೋಟೀನುಗಳನ್ನು ಬೇರೆ ಬೇರೆ ಮಾಡಿ ಪ್ರತಿಕಾಯ ಯಾವುದನ್ನು ಹಿಡಿಯಿತು ಅಂತ ನೋಡುವ ಟೆಸ್ಟ್. ಸೋಂಕು ತಗುಲಿ ಈ ಪ್ರತಿಕಾಯ ಏಳಲು ಎರಡರಿಂದ ಹನ್ನೆರಡು ವಾರ ಬೇಕು, ಆದ್ದರಿಂದ ಅವಸರವೂ ಕೂಡದು.

ಮೇಡಂ ಆ ದಿನ ಆತನನ್ನು ಕೂರಿಸಿಕೊಂಡು ಒಂದು ಗಂಟೆ ಮಾತಾಡಿದರು. ನಾನು ಪ್ಲೇಟು ತೊಳೆಯುವ ನೆಪದಲ್ಲಿ ಅರ್ಧ ಕೇಳಿಸಿಕೊಂಡೆ. ಪ್ರಪಂಚದಲ್ಲಿ 50 ವರ್ಷದೊಳಗಿನವರಲ್ಲಿ 64 ಶೇಕಡಾ ಜನರಿಗೆ ಒಂದನೇ ಬಗೆ ಇದೆ ಅಂತ ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜು. ಎಷ್ಟೋ ಜನರಿಗೆ ಅಜ್ಜಿಯೋ ಚಿಕ್ಕಮ್ಮನೋ ಮುದ್ದು ಮಾಡುವಾಗ ಕೊಟ್ಟ ಮುತ್ತಿನಿಂದ ಬಂದದ್ದು. ಮಗುವಿಗೆ ನಿಜವಾದ ಅಪಾಯ ಇರುವುದು, ತಾಯಿಗೆ ಹೆರಿಗೆ ಹತ್ತಿರದಲ್ಲಿ ಮೊಟ್ಟಮೊದಲ ಸಲ ಜನನಾಂಗದಲ್ಲಿ ಹರ್ಪಿಸ್ ಹತ್ತಿದರೆ. ಆಗ ನೂರಕ್ಕೆ 30ರಿಂದ 50 ಮಕ್ಕಳಿಗೆ ತಗುಲಬಹುದು. ಹಳೆಯ ಸೋಂಕಿದ್ದವರಲ್ಲಿ ಅದು ನೂರಕ್ಕೆ ಒಂದಕ್ಕಿಂತ ಕಡಿಮೆ. “ನಿಮ್ಮ ಹೆಂಡತಿಗೆ ಯಾವಾಗ ಬಂತು ಅಂತ ಕೇಳ್ತಿದ್ದೀರಲ್ಲ, ನಿಮ್ಮ ತುಟಿ ಮೇಲಿರೋದು ಯಾವಾಗಿಂದ?” ಅಂತ ಮೇಡಂ ಕೇಳಿದರು. ಪ್ಲೇಟು ನನ್ನ ಕೈಯಲ್ಲೇ ನಿಂತಿತು. “ಇದು ಜ್ವರದ ಗುಳ್ಳೆ ಮೇಡಂ, ಹೈಸ್ಕೂಲಿಂದ ಇದೆ, ಪರೀಕ್ಷೆ ಟೈಮಲ್ಲಿ ಬರೋದು.” ಸ್ವಲ್ಪ ಹೊತ್ತು ಇಬ್ಬರೂ ಮಾತಾಡಲಿಲ್ಲ. “ಅದರದ್ದೂ ಹೆಸರು ಹರ್ಪಿಸ್ಸೇ” ಅಂದರು ಮೇಡಂ.

ಅವನು ಟೆಸ್ಟ್ ಮಾಡಿಸಿಕೊಳ್ಳಲಿಲ್ಲ. “ನಂದು ಯಾಕೆ ಮೇಡಂ” ಅಂದ. ಗಂಡಸರು ಹೇಳುವ ಮಾತೇ.

ಹೆಂಡತಿ ಮಾರನೇ ವಾರ ತನ್ನ ಅಪ್ಪನ ಜೊತೆ ಬಂದಳು. ಕೈಗೆ ಇನ್ನೂ ಹಸಿರು ಬಳೆ, ರಕ್ತ ತೆಗೆಯಲು ಪಟ್ಟಿ ಕಟ್ಟುವಾಗ ಎಲ್ಲ ಮೇಲೆ ಸರಿಸಿ ಹಿಡಿದುಕೊಂಡಳು. ಸೂಜಿ ಚುಚ್ಚುವವರೆಗೂ ಮಾತಿಲ್ಲ. ಆಮೇಲೆ, “ಅಕ್ಕ, ಇದು ಸರಿಯಾಗಿ ಹೇಳುತ್ತಾ?” ಅಂದಳು. ಇದು ಹೆಚ್ಚುಕಡಿಮೆ ಸರಿಯಾಗಿ ಹೇಳುತ್ತೆ ಅಂದೆ. ಹೆಚ್ಚುಕಡಿಮೆ ಅನ್ನುವ ಪದ ಬಿಡಬಹುದಿತ್ತು, ನಾಲಿಗೆ ಬಿಡಲಿಲ್ಲ. ಬಗೆ ಹೇಳುವ ಐಜಿಜಿಗೆ ಬೆಂಗಳೂರಿಗೆ ಕಳಿಸಿ, ಐದನೇ ದಿನ ಬಂತು. ಒಂದನೇ ಬಗೆ ಪಾಸಿಟಿವ್, ಗೆರೆಗಿಂತ ಎಷ್ಟೋ ಮೇಲೆ. ಎರಡನೇ ಬಗೆ 0.2, ನೆಗೆಟಿವ್. ಅಪ್ಪನೇ ಬಂದು ರಿಪೋರ್ಟ್ ತೆಗೆದುಕೊಂಡು ಹೋದರು. ಎರಡು ವಾರದ ಮೇಲೆ ಗೌರಿಹಬ್ಬಕ್ಕೆ ಅವಳು ಗಂಡನ ಮನೆಗೆ ಬಂದಳಂತೆ.

ನವೆಂಬರಿನಲ್ಲಿ ಒಂದು ಬೆಳಗ್ಗೆ ಎಂಟಕ್ಕೆ ಲ್ಯಾಬಿನ ಬಾಗಿಲು ತೆಗೆಯುವಾಗ ಅವನು ಮೆಟ್ಟಿಲ ಮೇಲೆ ಕೂತಿದ್ದ, ಬಾಯಿಗೆ ಕರ್ಚೀಫ್ ಅಡ್ಡ ಹಿಡಿದು. ಮತ್ತೆ ಎದ್ದರೆ ಹಕ್ಕಳೆ ಕಟ್ಟುವ ಮುಂಚೆ ಬನ್ನಿ ಅಂತ ಮೇಡಂ ಹೇಳಿದ್ದರಂತೆ. ಅದೇ ಎಡ ಅಂಚು. ನಾಲ್ಕು ನೀರುಗುಳ್ಳೆ, ಒತ್ತಾಗಿ, ತೆಳು ಪೊರೆ, ಒಳಗೆ ತಿಳಿನೀರು. ಅದಕ್ಕಿಂತ ಒಳ್ಳೆಯ ಮಾದರಿ ನನ್ನ ಸರ್ವೀಸಿನಲ್ಲಿ ಹತ್ತು ಸಿಕ್ಕಿರಬಹುದು. ಮೇಡಂ ಪೊರೆ ಬಿಡಿಸಿದರು, ನಾನು ಬುಡಕ್ಕೆ ಸ್ವಾಬು ಒತ್ತಿ ತಿರುಗಿಸಿದೆ. ಹಾ ಅಂದ. ಕಡ್ಡಿಯನ್ನು ಗುಲಾಬಿ ದ್ರವದಲ್ಲಿ ಮುರಿದು ಮುಚ್ಚಳ ಬಿಗಿದೆ. ಮಧ್ಯಾಹ್ನದ ರನ್ನಿನಲ್ಲಿ 19ನೇ ಸುತ್ತಿಗೇ ಮೊದಲ ಬಣ್ಣದ ಗೆರೆ ನೆಟ್ಟಗೆ ಎದ್ದಿತು. ಎರಡನೇ ಬಣ್ಣ ಕೊನೆಯವರೆಗೂ ಮಲಗಿಯೇ ಇತ್ತು. ನೀರಿನ ಗುಂಡಿ ಕ್ಲೀನ್, ಅದನ್ನು ಮೊದಲು ನೋಡಿದೆ.

ಸಂಜೆ ರಿಪೋರ್ಟಿಗೆ ಅವನ ಜೊತೆ ಅವ್ವನೂ ಬಂದಿದ್ದರು. ಅವನು ಕಿಟಕಿಗೆ ಬಗ್ಗಿ ಹಾಳೆ ಓದಿದ.

“ನಂದೂ ಒಂದನೇದೇ.”

“ಏನಂತೆ?” ಅಂದರು ಅವ್ವ.

“ನಂಗೂ ಅವಳಿಗಿರೋದೇ ಇದೆಯಂತೆ.”

“ಹಂಗಾರೆ ನಿನ್ನ ಹೆಸರ್ಲೂ ಒಂದು ಬಲಿ ಮಾಡಿಸಬೇಕು ಬುಡು” ಅಂದು ಅವ್ವ ನನ್ನ ಕಡೆ ಬಗ್ಗಿದರು. “ಈಗ್ಲೇ ಹೋಗೋಣ ಅಂದ್ರೆ ಡಾಕ್ಟ್ರಮ್ಮ ಅವಳಿಗೆ ಘಾಟಿ ರಸ್ತೆ ಬ್ಯಾಡ ಅಂದವ್ರೆ ಕಣವ್ವ. ಹೆರಿಗೆ ಆಗ್ಲಿ, ಮಗೀನೂ ಎತ್ಕೊಂಡೇ ಹೋಯ್ತೀವಿ.”